ಪೊಟ್ಯಾಷ್ ಗೋಣಿ, ತುಲಾಮಳೆ, ಮೂರು ಡಿಟೆಕ್ಟರ್: ಯಾವ ಅಳತೆಗೆ ಯಾವುದು?

ಕಳೆದ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಬದಿಯಡ್ಕದಿಂದ ಅಕ್ಕನ ಮಗಳು ಫೋನ್ ಮಾಡಿದಳು. ಎಂಎಸ್ಸಿ ಭೌತಶಾಸ್ತ್ರ, ಕೊನೆಯ ವರ್ಷ. ಪ್ರಾಜೆಕ್ಟಿಗೆ ವಿಷಯ ಸಿಕ್ಕಿದೆ: ಅಡಿಕೆ ತೋಟದ ಮಣ್ಣಿನಲ್ಲಿ ಪೊಟ್ಯಾಸಿಯಂ-40 (ಪೊಟ್ಯಾಸಿಯಂನ ವಿಕಿರಣಶೀಲ ರೂಪ) ಎಷ್ಟಿದೆ, ಪಕ್ಕದ ಗುಡ್ಡೆಯ ಮಣ್ಣಿನಲ್ಲಿ ಎಷ್ಟಿದೆ ಅಂತ ಅಳೆಯುವುದು.

"ಮಾವ, ಯಾವ ಡಿಟೆಕ್ಟರ್ ಬೇಕು ಅಂತ ನೀನೇ ಯೋಚಿಸಿ ಬಾ ಅಂದರು ಗೈಡ್. ಎಲ್ಲರೂ ಜರ್ಮೇನಿಯಂ ಬೆಸ್ಟ್ ಅಂತಾರೆ. ಅದೇ ಅಲ್ವಾ?"

"ನಿನ್ನ ಕೆಲಸಕ್ಕೆ ಅಲ್ಲ" ಅಂದೆ. ಅವಳಿಗೆ ಸ್ವಲ್ಪ ಬೇಸರವಾಯಿತು. ಆಮೇಲೆ ಅರ್ಧ ಗಂಟೆ ಮಾತಾಡಿದೆವು. ಕಾಲೇಜು ಲ್ಯಾಬಿಗೆ ಉಪಕರಣ ತರಿಸಬೇಕೆಂದಿರುವ ಮೇಷ್ಟ್ರುಗಳಿಗೂ ಪ್ರಾಜೆಕ್ಟ್ ಮಾಡುವ ಮಕ್ಕಳಿಗೂ ಆಗಬಹುದು ಅಂತ ಆ ಮಾತನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ನಿಮಗೆ ಬೇಕಾದದ್ದು ಹೊತ್ತೋ, ಶಕ್ತಿಯೋ? ಒಂದು ವಿಕಿರಣಶೀಲ ವಸ್ತು ಎಷ್ಟು ಹೊತ್ತಿನಲ್ಲಿ ಅರ್ಧಕ್ಕಿಳಿಯುತ್ತದೆ (ಅದರ ಅರ್ಧಾಯು) ಎನ್ನುವುದು ಒಂದು ಅಳತೆ. ಅದು ಹೊರಬಿಡುವ ಗಾಮಾ ಕಿರಣದ ಶಕ್ತಿ ಎಷ್ಟು, ಅದರಿಂದ ಬೀಜಕಣದ (ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನ) ಒಳಗಿನ ಶಕ್ತಿಯ ಮೆಟ್ಟಿಲುಗಳು ಎಲ್ಲೆಲ್ಲಿವೆ ಎನ್ನುವುದು ಬೇರೆಯೇ ಅಳತೆ. ಇವೆರಡನ್ನೂ ಕಲಸಿಕೊಂಡಾಗಲೇ ದುಡ್ಡು ದಂಡ ಆಗುವುದು.

ಹೊತ್ತು ಅಳೆಯಲು

ಇದಕ್ಕೆ ಜಿಎಂ ಟ್ಯೂಬ್ ಸಾಕು. ಗೈಗರ್ ಮತ್ತು ಮ್ಯುಲ್ಲರ್ 1928ರಲ್ಲಿ ಮಾಡಿದ್ದು. ಇಂದಿಗೂ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ. ಒಂದು ಕೊಳವೆ, ನಡುವೆ ಒಂದು ತಂತಿ, ಒಳಗೆ ಅನಿಲ, ಕೆಲವು ನೂರು ವೋಲ್ಟ್. ಕಣ ಬಂದರೆ ಟಿಕ್ ಅನ್ನುತ್ತದೆ. ಬಂದದ್ದು ದೊಡ್ಡದೋ ಚಿಕ್ಕದೋ ಅದಕ್ಕೆ ಗೊತ್ತಿಲ್ಲ, ಎಲ್ಲದಕ್ಕೂ ಒಂದೇ ಟಿಕ್. ಬೀಟಾ ಕಣ ಮೈಕಾ ಕಿಟಕಿ ದಾಟಿ ಒಳಗೆ ಹೋದರೆ ಬಹುತೇಕ ತಪ್ಪದೆ ಎಣಿಸುತ್ತದೆ. ಗಾಮಾ ಆದರೆ ನೂರರಲ್ಲಿ ಒಂದು ಸಿಕ್ಕರೆ ಹೆಚ್ಚು.

ಇನ್ನೊಂದು ಮಿತಿ ಇದೆ. ಒಂದು ಟಿಕ್ ಆದ ಮೇಲೆ ಸುಮಾರು 100 ಮೈಕ್ರೋಸೆಕೆಂಡ್ ಅದು ಕಿವುಡು. ಸೆಕೆಂಡಿಗೆ 1,000 ಎಣಿಕೆ ಬರುತ್ತಿದ್ದರೆ ಹತ್ತರಲ್ಲಿ ಒಂದು ಹಾಗೇ ಹೋಗುತ್ತದೆ. ಇಳಿಯುವ ಗೆರೆಯ ಶುರುವಿನಲ್ಲಿ ಎಣಿಕೆ ಜೋರಾಗಿರುತ್ತದಲ್ಲ, ಅಲ್ಲಿ ಇದನ್ನು ಸರಿಪಡಿಸದಿದ್ದರೆ ಅರ್ಧಾಯು ಇರುವುದಕ್ಕಿಂತ ಉದ್ದ ಬರುತ್ತದೆ. ಹುಡುಗರ ರೆಕಾರ್ಡ್ ಪುಸ್ತಕದಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಹಾಕಿದ್ದು ಈ ಜಾಗದಲ್ಲೇ.

ಸರಿ, ಅಳೆಯುವುದು ಯಾವುದನ್ನು? ಸುಲಭದ ದಾರಿ ಸೀಸಿಯಂ-137 ಇರುವ ಚಿಕ್ಕ ಜನರೇಟರ್ (ಕರೆಂಟಿನದ್ದಲ್ಲ, ಬೇರಿಯಂ ಕೊಡುವಂಥದ್ದು). ಅದರಿಂದ ಹಿಂಡಿ ತೆಗೆದ ಬೇರಿಯಂ-137ಎಂ 2.55 ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಒಂದು ಪೀರಿಯಡ್‌ನಲ್ಲಿ ಪ್ರಯೋಗ ಮುಗಿಯುತ್ತದೆ, ಗೆರೆಯೂ ಚೆಂದ ಬರುತ್ತದೆ. ಆದರೆ ಅದನ್ನು ತರಿಸಬೇಕು, ಅದಕ್ಕೆ ಕಾಗದಪತ್ರ ಆಗಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಪುಕ್ಕಟೆ ಸಿಗುವ ಆಕರ. ಮಳೆ! ನೆಲದಿಂದ ಏಳುವ ರೇಡಾನ್ ಎನ್ನುವ ವಿಕಿರಣಶೀಲ ಅನಿಲ ಗಾಳಿಯಲ್ಲಿ ಒಡೆದು ಸೀಸ-214, ಬಿಸ್ಮತ್-214 ಆಗುತ್ತದೆ. ಅವು ದೂಳಿಗೆ, ಮೋಡದ ಹನಿಗೆ ಅಂಟಿಕೊಂಡು ಮಳೆಯ ಜೊತೆ ಕೆಳಗಿಳಿಯುತ್ತವೆ. ಮಳೆ ಶುರುವಾದ ಹತ್ತು ನಿಮಿಷಕ್ಕೆ ಕಾರಿನ ಬಾನೆಟ್ಟನ್ನು ಒಂದು ಟಿಶ್ಯೂ ಕಾಗದದಲ್ಲಿ ಒರೆಸಿ. ಮಡಚಿ ನೇರ ಜಿಎಂ ಕಿಟಕಿಯ ಕೆಳಗೆ ಇಡಿ. ಎಣಿಕೆ ಏರಿರುತ್ತದೆ. ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧವಾಗುತ್ತಾ ಇಳಿಯುತ್ತದೆ. ಸೀಸದ್ದು 27 ನಿಮಿಷ, ಬಿಸ್ಮತ್ತಿನದು 20 ನಿಮಿಷ. ಎರಡೂ ಒಂದರ ಹಿಂದೊಂದು ಇರುವುದರಿಂದ ಗೆರೆ ಪಕ್ಕಾ ನೇರ ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂತ ವಿವರಿಸುವುದೇ ಒಳ್ಳೆಯ ಪಾಠ.

ಇಲ್ಲಿ ನಮ್ಮೂರಿನ ಒಂದು ಗುಟ್ಟಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮಾಡಿ ಏನೂ ಸಿಗಲಿಲ್ಲ ಅಂತ ಬಿಟ್ಟವರಿದ್ದಾರೆ. ಆಗಿನ ಗಾಳಿ ಬರುವುದು ಕಡಲಿನಿಂದ. ರೇಡಾನ್ ಹುಟ್ಟುವುದು ಮಣ್ಣು ಕಲ್ಲಿನಲ್ಲಿ, ಕಡಲ ಮೇಲೆ ಅದು ತೀರಾ ಕಡಿಮೆ. ರೇಡಾನಿನ ಅರ್ಧಾಯು 3.8 ದಿನ. ಹಾಗಾಗಿ ದಿನಗಟ್ಟಲೆ ನೀರಿನ ಮೇಲೆ ಬಂದ ಗಾಳಿಯಲ್ಲಿ ಹಳೆಯದೂ ಕರಗಿರುತ್ತದೆ. ತುಲಾಮಳೆ ಹಾಗಲ್ಲ. ಸಂಜೆ ಗುಡುಗಿನ ಜೊತೆ ಘಟ್ಟದ ಕಡೆಯಿಂದ, ನೆಲದ ಮೇಲಿನ ಗಾಳಿಯಿಂದ ಸುರಿಯುತ್ತದೆ. ಅದರ ಮೊದಲ ಹನಿಗಳನ್ನು ಹಿಡಿಯಿರಿ.

ಮಳೆಗೆ ಕಾಯಲಾಗದವರಿಗೆ ಬಲೂನು ಇದೆ. ಅದನ್ನು ಉಜ್ಜಿ, ಮುಚ್ಚಿದ ಕೋಣೆಯಲ್ಲಿ ನೇತುಹಾಕಿದರೆ ಅದೇ ಕಣಗಳು ಅಂಟಿಕೊಳ್ಳುತ್ತವೆ. ಆದರೆ ಕರಾವಳಿಯ ತೇವದಲ್ಲಿ ಬಲೂನಿನಲ್ಲಿ ವಿದ್ಯುತ್ ಉಳಿಯುವುದೇ ಇಲ್ಲ. ಮಕರ, ಕುಂಭ ತಿಂಗಳ ಒಣ ಬೆಳಗ್ಗೆ ಬಿಟ್ಟರೆ ಸುಮ್ನೆ ಶ್ರಮ. ಅದಕ್ಕಿಂತ ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಕಾಗದ ಕಟ್ಟಿ ಅರ್ಧ ಗಂಟೆ ಕೋಣೆಯ ಗಾಳಿ ಎಳೆಸುವುದು ವಾಸಿ.

ಬಯಲಾಟಕ್ಕೆ ಹೊತ್ತಿಸುತ್ತಿದ್ದ ಗ್ಯಾಸ್‌ಲೈಟಿನ ಹಳೆಯ ಮ್ಯಾಂಟಲ್ ಅಟ್ಟದಲ್ಲಿದ್ದರೆ ಅದೂ ಆಗುತ್ತದೆ, ಅದರಲ್ಲಿ ಥೋರಿಯಂ ಇರುತ್ತದೆ. ಅದರಿಂದ ಏಳುವ ಥೋರಾನ್ ಅನಿಲ 56 ಸೆಕೆಂಡಿಗೊಮ್ಮೆ ಅರ್ಧವಾಗುತ್ತದೆ. 1900ರಲ್ಲಿ ರುದರ್‌ಫರ್ಡ್ ಗೆರೆ ಎಳೆದು ತೋರಿಸಿದ್ದು ಈ ಅನಿಲದ್ದೇ. ಆದರೆ ಹಳೆಯ ಮ್ಯಾಂಟಲ್ ಮುಟ್ಟಿದರೆ ಪುಡಿಯಾಗುತ್ತದೆ. ಆ ದೂಳು ಮೂಗಿಗೆ ಹೋಗಬಾರದು. ಮಕ್ಕಳ ಕೈಗೆ ಕೊಡಲು ನನಗೆ ಧೈರ್ಯವಿಲ್ಲ. ಕೊಡಬೇಡಿ ಅಂತಲೇ ಹೇಳುತ್ತೇನೆ.

ಇಳಿಯುವುದೇ ಕಾಣದಿದ್ದರೆ

ಪೊಟ್ಯಾಸಿಯಂ-40ರ ಅರ್ಧಾಯು 125 ಕೋಟಿ ವರ್ಷ. ಅದು ಇಳಿಯುವುದನ್ನು ಕಾಯುತ್ತಾ ಕೂರುವ ಹಾಗಿಲ್ಲ. ಇದಕ್ಕೆ ದಾರಿ ಬೇರೆ. ಒಟ್ಟು ಎಷ್ಟು ಪರಮಾಣು ಇವೆ ಅಂತ ತೂಕದಿಂದ ಲೆಕ್ಕ ಹಾಕಿ. ಸೆಕೆಂಡಿಗೆ ಎಷ್ಟು ಒಡೆಯುತ್ತವೆ ಅಂತ ಎಣಿಸಿ. ಎರಡನ್ನೂ ಭಾಗಿಸಿ, 0.693ರಿಂದ ಗುಣಿಸಿ, ಮುಗಿಯಿತು.

ಒಂದು ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ತೆಗೆದುಕೊಳ್ಳಿ. ಅದರಲ್ಲಿ ಪೊಟ್ಯಾಸಿಯಂ 0.524 ಗ್ರಾಂ. ಪೊಟ್ಯಾಸಿಯಂನಲ್ಲಿ 40ರ ಪಾಲು ಶೇ. 0.0117 ಮಾತ್ರ. ಆದರೂ ಲೆಕ್ಕ ಹಾಕಿದರೆ ಸುಮಾರು 9,400 ಕೋಟಿ ಕೋಟಿ ಪರಮಾಣು. ಅಷ್ಟರಲ್ಲಿ ಸೆಕೆಂಡಿಗೆ ಒಡೆಯುವುದು ಬರೀ 16 ಚಿಲ್ಲರೆ! ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದಾಗ 125 ಕೋಟಿ ವರ್ಷ ಅನ್ನುವುದು ಉತ್ಪ್ರೇಕ್ಷೆ ಅಲ್ಲ ಅಂತ ಹುಡುಗರಿಗೆ ನಂಬಿಕೆ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಲ್ಯಾಬ್ ಕೆಮಿಕಲ್ಲೂ ಬೇಡ. ಗೊಬ್ಬರದ ಪೊಟ್ಯಾಷ್ ಅಂದರೂ ಇದೇ ಪೊಟ್ಯಾಸಿಯಂ ಕ್ಲೋರೈಡ್. ಕೊಟ್ಟಿಗೆಯ ಮೂಲೆಯಲ್ಲಿ ಅದರ ಗೋಣಿ ಇಲ್ಲದ ತೋಟ ಕಡಿಮೆ. ಕೂಡ್ಲಿನಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಶಿಫಾರಸಿನ ಪ್ರಕಾರ ಫಲ ಕೊಡುವ ತೆಂಗಿಗೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷ್ ಅಂಶ ಬೇಕು, ಅಂದರೆ ಗೊಬ್ಬರದ ಲೆಕ್ಕದಲ್ಲಿ ಎರಡು ಕಿಲೋ. ಒಂದು ಕಿಲೋದಲ್ಲಿ ಸೆಕೆಂಡಿಗೆ 15 ಸಾವಿರಕ್ಕೂ ಮೇಲೆ ಒಡೆತ. 50 ಕಿಲೋ ಗೋಣಿಯಲ್ಲಿ ಏಳೂವರೆ ಲಕ್ಷ ದಾಟುತ್ತದೆ. ಇದನ್ನು ಕೇಳಿ ಅತ್ತಿಗೆ ಗೋಣಿಯನ್ನು ಕೊಟ್ಟಿಗೆಯಿಂದ ಹೊರಗೆ ಹಾಕಿಸಲು ಹೊರಟಿದ್ದರು! ಹೆದರಬೇಕಾದ್ದಿಲ್ಲ. ದೊಡ್ಡವರ ಮೈಯಲ್ಲೇ ಪೊಟ್ಯಾಸಿಯಂ-40 ಸೆಕೆಂಡಿಗೆ 4 ಸಾವಿರಕ್ಕೂ ಮೇಲೆ ಒಡೆಯುತ್ತಿರುತ್ತದೆ.

ಜಿಎಂ ಟ್ಯೂಬಿನಲ್ಲಿ ಇದರ ಬೀಟಾ ಎಣಿಸಬಹುದು. ತೊಡಕು ಏನೆಂದರೆ ಪುಡಿ ದಪ್ಪವಾದಷ್ಟೂ ಕೆಳಗಿನ ಬೀಟಾ ಪುಡಿಯಲ್ಲೇ ಉಳಿದುಬಿಡುತ್ತದೆ. ತೆಳುವಾಗಿ ಹರಡಿ, ತೂಕ ಬದಲಿಸುತ್ತಾ ನಾಲ್ಕೈದು ಸಲ ಎಣಿಸಬೇಕು.

ಶಕ್ತಿ ಅಳೆಯಲು: ಇಲ್ಲೇ ಜಗಳ

ಮೂರು ಮುಖ್ಯ ಆಯ್ಕೆ. ಸೋಡಿಯಂ ಅಯೊಡೈಡ್, ಜರ್ಮೇನಿಯಂ, ಲ್ಯಾಂಥನಂ ಬ್ರೋಮೈಡ್. ಮೂರೂ ಹರಳೇ. ಮೊದಲನೆಯದು ಮತ್ತು ಕೊನೆಯದು ಗಾಮಾ ಬಿದ್ದರೆ ಮಿಂಚುತ್ತವೆ, ಆ ಮಿಂಚನ್ನು ಫೋಟೋಮಲ್ಟಿಪ್ಲೈಯರ್ (ಬೆಳಕನ್ನು ವಿದ್ಯುತ್ ಮಾಡುವ ಕೊಳವೆ) ಹಿಡಿಯುತ್ತದೆ. ಜರ್ಮೇನಿಯಂನಲ್ಲಿ ಮಿಂಚು ಇಲ್ಲ, ಗಾಮಾ ಬಿಡಿಸಿದ ವಿದ್ಯುದಂಶವನ್ನೇ ನೇರ ಎಣಿಸುವುದು. ಅದಕ್ಕೇ ಅದು ಅಷ್ಟು ಚೂಪು.

ಎಷ್ಟು ಚೂಪು? ಯಾವ ಶಕ್ತಿಯ ಗಾಮಾ ಎಷ್ಟು ಬಂತು ಅಂತ ಗೆರೆ ಎಳೆದರೆ ಒಂದೊಂದು ಗಾಮಾಕ್ಕೂ ಒಂದು ಶಿಖರ ಏಳುತ್ತದೆ. ಶಕ್ತಿಯ ಅಳತೆ ಕೆಇವಿ, ಅಂದರೆ ಸಾವಿರ ಎಲೆಕ್ಟ್ರಾನ್ ವೋಲ್ಟ್. ಸೀಸಿಯಂನ 662 ಕೆಇವಿ ಶಿಖರ ಸೋಡಿಯಂ ಅಯೊಡೈಡಿನಲ್ಲಿ ಸುಮಾರು 46 ಕೆಇವಿ ಅಗಲ ಇರುತ್ತದೆ, ಅಂದರೆ ಶೇ. 7. ಲ್ಯಾಂಥನಂ ಬ್ರೋಮೈಡಿನಲ್ಲಿ 20 ಕೆಇವಿ. ಜರ್ಮೇನಿಯಂನಲ್ಲಿ ಒಂದೂವರೆ. ಸೋಡಿಯಂ ಅಯೊಡೈಡಿನದು ಗುಡ್ಡೆಯ ಹಾಗೆ ಕಂಡರೆ ಜರ್ಮೇನಿಯಂನದು ಸೂಜಿಯ ಹಾಗೆ.

ಇದನ್ನು ನೋಡಿದ ಕೂಡಲೇ ಎಲ್ಲರೂ ಜರ್ಮೇನಿಯಂ ಅನ್ನುತ್ತಾರೆ. ನಿಲ್ಲಿ. ನಿಮ್ಮ ಶಿಖರದ ಪಕ್ಕದಲ್ಲಿ ಇನ್ನೊಂದು ಶಿಖರ ಇದೆಯಾ? ಮೊದಲು ಅದನ್ನು ನೋಡಿ.

ಮಣ್ಣಿನಲ್ಲಿ ಸೀಸಿಯಂ ಹುಡುಕುತ್ತಿದ್ದೀರಿ ಅಂತಿಟ್ಟುಕೊಳ್ಳಿ. 662ರ ಪಕ್ಕದಲ್ಲೇ ಯುರೇನಿಯಂ ಸಾಲಿನ (ಯುರೇನಿಯಂ ಒಡೆಯುತ್ತಾ ಒಂದರ ಹಿಂದೊಂದು ಹುಟ್ಟುವ ವಸ್ತುಗಳ ಸಾಲು) ಬಿಸ್ಮತ್-214 ಇದೆ, 609ರಲ್ಲಿ. ಥೋರಿಯಂ ಸಾಲಿನ ಥ್ಯಾಲಿಯಂ-208 ಇದೆ, 583ರಲ್ಲಿ. ಸೋಡಿಯಂ ಅಯೊಡೈಡಿನಲ್ಲಿ 583 ಮತ್ತು 609 ಒಂದೇ ಗುಡ್ಡೆಯಾಗಿ ಕಾಣುತ್ತವೆ. ಅದರ ಇಳಿಜಾರಿನಲ್ಲಿ ಸೀಸಿಯಂ ಸ್ವಲ್ಪವೇ ಇದ್ದರೆ ಇದೆಯೋ ಇಲ್ಲವೋ ಅಂತ ಆಣೆ ಹಾಕಿ ಹೇಳಲಾಗದು. ಜರ್ಮೇನಿಯಂನಲ್ಲಿ ಮೂರೂ ಬೇರೆ ಬೇರೆ. ಇಂಥ ಕೆಲಸಕ್ಕೆ ಅದೇ ಬೇಕು, ಬೇರೆ ಮಾತಿಲ್ಲ.

ಹಾಗಂತ ಅದೂ ದೇವರಲ್ಲ. ರೇಡಿಯಂ-226ರದ್ದು 186.2, ಯುರೇನಿಯಂ-235ರದ್ದು 185.7. ಇವೆರಡನ್ನು ಜರ್ಮೇನಿಯಂ ಕೂಡ ಬಿಡಿಸುವುದಿಲ್ಲ. ಅದಕ್ಕೇ ರೇಡಿಯಂ ಅಳೆಯುವವರು ಡಬ್ಬಿಯನ್ನು ಗಾಳಿ ಆಡದ ಹಾಗೆ ಸೀಲ್ ಮಾಡಿ ನಾಲ್ಕು ವಾರ ಇಡುತ್ತಾರೆ. ಒಳಗೆ ರೇಡಾನ್ ತುಂಬಿ ಸಮತೋಲಕ್ಕೆ ಬಂದ ಮೇಲೆ 352 ಮತ್ತು 609ನ್ನು ಎಣಿಸುತ್ತಾರೆ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಎಷ್ಟು ಲಕ್ಷದ ಡಿಟೆಕ್ಟರ್ ಇದ್ದರೂ ಉತ್ತರ ತಪ್ಪು.

ಈಗ ಅಕ್ಕನ ಮಗಳ ಪೊಟ್ಯಾಸಿಯಂ. ಅದರ ಗಾಮಾ 1,461 ಕೆಇವಿ. ಅಕ್ಕಪಕ್ಕದಲ್ಲಿ ದೊಡ್ಡವರು ಯಾರೂ ಇಲ್ಲ. 1,408ರಲ್ಲಿ ಬಿಸ್ಮತ್ತಿನ ಚಿಕ್ಕದೊಂದು ಇದೆ, ಅಷ್ಟೇ. ಭೂಗರ್ಭದವರು ವಿಮಾನದಲ್ಲಿ ಸೋಡಿಯಂ ಅಯೊಡೈಡ್ ಇಟ್ಟುಕೊಂಡೇ ಊರೂರು ಅಳೆಯುತ್ತಾರೆ. ಅವರ ಪದ್ಧತಿ ಸರಳ. 1,370ರಿಂದ 1,570ರ ವರೆಗೆ ಪೊಟ್ಯಾಸಿಯಂ ಕಿಟಕಿ, 1,660ರಿಂದ 1,860 ಯುರೇನಿಯಂ, 2,410ರಿಂದ 2,810 ಥೋರಿಯಂ. ಮೇಲಿನ ಎರಡರಿಂದ ಕೆಳಗೆ ಸೋರುವ ಪಾಲನ್ನು ಕಳೆದರೆ ಪೊಟ್ಯಾಸಿಯಂ ಸಿಗುತ್ತದೆ. ಮುರಕಲ್ಲಿನ ಮಣ್ಣಿಗೆ ಈ ಕಳೆಯುವ ಲೆಕ್ಕ ಬಿಡಲೇಬಾರದು. ಸಾವಿರಾರು ವರ್ಷದ ಮಳೆಗೆ ಪೊಟ್ಯಾಸಿಯಂ ತೊಳೆದುಹೋಗಿರುತ್ತದೆ, ಥೋರಿಯಂ ಹಾಗೇ ಕೂತಿರುತ್ತದೆ.

ತಮಾಷೆ ಏನು ಗೊತ್ತಾ? ಲ್ಯಾಂಥನಂ ಬ್ರೋಮೈಡ್ ಸೋಡಿಯಂ ಅಯೊಡೈಡಿಗಿಂತ ಎರಡು ಪಟ್ಟು ಚೂಪು, ಬೆಲೆಯೂ ಬಹಳ ಜಾಸ್ತಿ. ಆದರೆ ಅದರೊಳಗೇ ಲ್ಯಾಂಥನಂ-138 ಅನ್ನುವ ವಿಕಿರಣಶೀಲ ವಸ್ತು ಇದೆ. ಅದರ 1,436 ಕೆಇವಿ ಗಾಮಾ, ಜೊತೆಗೇ ಹೊರಡುವ ಎಕ್ಸ್-ರೇ, ಎರಡೂ ಹರಳಿನೊಳಗೇ ಕೂಡಿಕೊಂಡು 1,470ರ ಹತ್ತಿರ ಶಿಖರ ಕಟ್ಟುತ್ತವೆ. ಸರಿಯಾಗಿ ಪೊಟ್ಯಾಸಿಯಂ ತಲೆಯ ಮೇಲೆ! ಜಾಸ್ತಿ ದುಡ್ಡು ಕೊಟ್ಟು, ಅಳೆಯಬೇಕಾದದ್ದನ್ನೇ ಮುಚ್ಚುವ ಉಪಕರಣ ತಂದ ಹಾಗಾಯಿತು. ಬೇರೆ ಕೆಲಸಕ್ಕೆ ಅದು ಬಹಳ ಒಳ್ಳೆಯದು, ಮುಖ್ಯವಾಗಿ ವೇಗಕ್ಕೆ. ಅದರ ಮಿಂಚು 16 ನ್ಯಾನೋಸೆಕೆಂಡಿನಲ್ಲಿ ಆರುತ್ತದೆ, ಸೋಡಿಯಂ ಅಯೊಡೈಡಿನದು 230. ಮಣ್ಣಿನ ಪೊಟ್ಯಾಸಿಯಂಗೆ ಮಾತ್ರ ಅದು ಬೇಡ. ನನ್ನ ಉತ್ತರ ಕೇಳಿ ಬೇಸರವಾಗಿದ್ದ ಹುಡುಗಿ ನಕ್ಕದ್ದು ಇಲ್ಲೇ.

ಜರ್ಮೇನಿಯಂ ಸಾಕುವ ಖರ್ಚನ್ನೂ ಮರೆಯಬೇಡಿ. ಬೆಲೆ ಹತ್ತಾರು ಲಕ್ಷ. ಹಸುವಿಗೆ ಇಂಜೆಕ್ಷನ್ ಕೊಡಲು ಬರುವವರ ಜಾಡಿಯಲ್ಲಿ ಹೊಗೆಯಾಡುವ ದ್ರವ ನೈಟ್ರೋಜನ್ ನೋಡಿದ್ದೀರಲ್ಲ, ಅದೇ ಇದಕ್ಕೂ ಬೇಕು, ಮೈನಸ್ 196 ಡಿಗ್ರಿಯದು. ವಾರಕ್ಕೊಮ್ಮೆ ತುಂಬಿಸಬೇಕು. ನೈಟ್ರೋಜನ್ ಮುಗಿದು ಬೆಚ್ಚಗಾದಾಗ ಹೈ ವೋಲ್ಟೇಜ್ ಚಾಲೂ ಇದ್ದರೆ ಸರ್ಕ್ಯೂಟು ಹೋಗುತ್ತದೆ. ವಿದ್ಯುತ್ತಿನಲ್ಲೇ ತಣ್ಣಗಾಗುವ ಮಾದರಿಗಳೂ ಇವೆ. ಆದರೆ ಗುಡುಗಿನ ದಿನ ನಮ್ಮಲ್ಲಿ ಕರೆಂಟಿನ ಕಥೆ ಏನು ಅಂತ ಯಾರಿಗೂ ಹೇಳಬೇಕಾಗಿಲ್ಲ. ಕಾಲೇಜಿಗೆ ಅದನ್ನು ತರಿಸುವುದಕ್ಕಿಂತ ನಾಲ್ಕು ಸ್ಯಾಂಪಲ್ ಹೊರಗೆ ಕಳಿಸಿ ಅಳೆಸುವುದು ಜಾಣತನ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣದ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಕಾಸರಗೋಡಿನಿಂದ ಅಲ್ಲಿಗೆ ಬೆಳಗ್ಗೆ ಹೋಗಿ ಸಂಜೆ ಬರಬಹುದು.

ಮೆಟ್ಟಿಲು ಕಟ್ಟಲು ಒಂದಕ್ಕಿಂತ ಎರಡು

ಕೋಬಾಲ್ಟ್-60 ನೋಡಿ. ಗಾಮಾ ಎರಡು: 1,173 ಮತ್ತು 1,332 ಕೆಇವಿ. ಇವೆರಡೂ ಬೇರೆ ಬೇರೆ ಬೀಜಕಣದಿಂದ ಬಂದವೋ, ಒಂದೇ ಬೀಜಕಣ ಎರಡು ಮೆಟ್ಟಿಲು ಇಳಿದದ್ದೋ? ಎಷ್ಟೇ ಚೂಪಾದ ಡಿಟೆಕ್ಟರ್ ಆಗಲಿ, ಶಕ್ತಿ ಮಾತ್ರ ನೋಡಿದರೆ ಅದು ತಿಳಿಯುವುದಿಲ್ಲ. ಎರಡು ಸಾಧಾರಣ ಸೋಡಿಯಂ ಅಯೊಡೈಡ್ ಎದುರುಬದುರು ಇಟ್ಟು, ಎರಡೂ ಒಟ್ಟಿಗೆ ಮಿನುಗಿದಾಗ ಮಾತ್ರ ಎಣಿಸಿ. ಒಂದರಲ್ಲಿ 1,173 ಬಂದಾಗ ಇನ್ನೊಂದರಲ್ಲಿ 1,332 ಕಾಣುತ್ತದೆ. ಹಾಗಾದರೆ ಒಂದೇ ಏಣಿ, ಅದರ ತುದಿ 2,505ರಲ್ಲಿ. ಇಲ್ಲಿ ಎರಡು ಅಗ್ಗದ್ದು ಒಂದು ದುಬಾರಿಯದನ್ನು ಸೋಲಿಸುತ್ತವೆ.

ಮೇಲಿನ ಮೆಟ್ಟಿಲು ಯಾವುದು, ಕೆಳಗಿನದು ಯಾವುದು? ಅದಕ್ಕೆ ತೀವ್ರತೆ ಬೇಕು. ನೂರು ಒಡೆತಕ್ಕೆ 1,173 ಬರುವುದು 99.85 ಸಲ, 1,332 ಬರುವುದು 99.98 ಸಲ. ಅತಿ ಸಣ್ಣ ಪಾಲು ಬೀಟಾ ನೇರ ಕೆಳಗಿನ ಮೆಟ್ಟಿಲಿಗೇ ಬೀಳುವುದರಿಂದ 1,332 ಕೊಂಚ ಹೆಚ್ಚು. ಹಾಗಾಗಿ ಅದೇ ಕೆಳಗಿನದು. ಈ ಕೊಂಚವನ್ನು ಕಾಲೇಜಿನಲ್ಲಿ ಅಳೆಯುವ ಆಸೆ ಬೇಡ. ದೇಶದಲ್ಲಿ ಇಂಥ ಏಣಿಗಳನ್ನು ಗಂಭೀರವಾಗಿ ಕಟ್ಟುವುದು ಇಂಗಾ ಅನ್ನುವ ಜರ್ಮೇನಿಯಂ ಗುಂಪಿನಲ್ಲಿ. ಅದು ಮುಂಬೈ, ದಿಲ್ಲಿ, ಕೋಲ್ಕತ್ತದ ವೇಗವರ್ಧಕಗಳ ನಡುವೆ ಸುತ್ತುತ್ತಿರುತ್ತದೆ.

ಆಲ್ಫಾಕ್ಕೆ ಸಿಲಿಕಾನ್ ಡಿಟೆಕ್ಟರ್, ಅದೂ ನಿರ್ವಾತದಲ್ಲಿ. ಗಾಳಿಯಲ್ಲಿ ಆಲ್ಫಾ ನಾಲ್ಕು ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. ಈ ಕೆಲಸಕ್ಕೆ ಬೇರೆ ಆಯ್ಕೆ ಹುಡುಕುವುದು ಬೇಡ.

ಕರಾವಳಿಯ ಕಷ್ಟ

ಸೋಡಿಯಂ ಅಯೊಡೈಡ್ ಉಪ್ಪಿನ ಹಾಗೆ ನೀರು ಕುಡಿಯುತ್ತದೆ. ಅದಕ್ಕೇ ಅಲ್ಯೂಮಿನಿಯಂ ಡಬ್ಬಿಯಲ್ಲಿ ಸೀಲ್ ಆಗಿ ಬರುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಅದನ್ನು ಯಾರೋ ಕೆಳಗೆ ಬೀಳಿಸಿ ಸುಮ್ಮನಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹರಳು ಹಳದಿಗೆ ತಿರುಗಿ, ಶೇ. 7 ಇದ್ದ ಅಗಲ ಶೇ. 11 ಆಗಿತ್ತು. ಸೆಕೆಂಡ್ ಹ್ಯಾಂಡ್ ತರುವವರು ಮೊದಲು ಸೀಸಿಯಂ ಇಟ್ಟು ಈ ಅಗಲ ನೋಡಿ, ಆಮೇಲೆ ಬೆಲೆ ಮಾತಾಡಿ. ಸೀಸಿಯಂ ಅಯೊಡೈಡ್ ಹರಳು ತೇವಕ್ಕೆ ಇಷ್ಟು ಹೆದರುವುದಿಲ್ಲ. ನಿಧಾನ, ಆದರೆ ಗಟ್ಟಿ. ಹೊರಗೆ ಹೊತ್ತು ತಿರುಗುವ ಕೆಲಸಕ್ಕೆ ನಾನು ಅದನ್ನೇ ಆರಿಸುತ್ತೇನೆ.

ಇನ್ನೊಂದು ಸಲ, ಆಟಿಯ ನಡುವೆ, ರಾತ್ರೋರಾತ್ರಿ ಎಣಿಕೆ ಹತ್ತು ಪಟ್ಟಾಯಿತು. ಎಲ್ಲವೂ ಕಡಿಮೆ ಶಕ್ತಿಯ ಕಡೆ ರಾಶಿ. ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಲೈಟ್ ಆರಿಸಿ ಕಿವಿಗೊಟ್ಟರೆ ಹೈ ವೋಲ್ಟೇಜಿನ ಕನೆಕ್ಟರಿನಲ್ಲಿ ಸಣ್ಣಗೆ ಚರಚರ. ತೇವಕ್ಕೆ ಕರೆಂಟು ಸೋರುತ್ತಿತ್ತು. ವೋಲ್ಟೇಜ್ ಇಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಹೇರ್ ಡ್ರೈಯರ್ ಹಿಡಿದ ಮೇಲೆ ಸರಿಹೋಯಿತು. ಅಂದಿನಿಂದ ಕನೆಕ್ಟರ್ ಪಕ್ಕ ಸಿಲಿಕಾ ಜೆಲ್ ಪೊಟ್ಟಣ ಕಾಯಂ.

ಬಿಸಿಲು ಏರಿದಂತೆ ಶಿಖರವೂ ಸರಿಯುತ್ತದೆ. ಬೆಳಗ್ಗೆ ಹೊಂದಿಸಿದ್ದು ಮಧ್ಯಾಹ್ನಕ್ಕೆ ಅಲ್ಲಿರುವುದಿಲ್ಲ. ಇದಕ್ಕೆ ಮದ್ದು ನಮ್ಮ ಗೋಡೆಯಲ್ಲೇ ಇದೆ. ಮುರಕಲ್ಲು, ಸಿಮೆಂಟು, ಹೊಯ್ಗೆ, ಎಲ್ಲದರಿಂದಲೂ ಪೊಟ್ಯಾಸಿಯಂನ 1,461 ಮತ್ತು ಥ್ಯಾಲಿಯಂನ 2,614 ಬರುತ್ತಲೇ ಇರುತ್ತವೆ. ಅವೇ ಗುರುತು.

ಆದರೆ ಅದೇ ಗೋಡೆ ಅವಳ ಪ್ರಾಜೆಕ್ಟಿಗೆ ಶತ್ರು ಕೂಡ. ಲೆಕ್ಕ ನೋಡಿ. ಜಗತ್ತಿನ ಮಣ್ಣಿನಲ್ಲಿ ಪೊಟ್ಯಾಸಿಯಂ-40 ಕಿಲೋಗೆ ಸುಮಾರು 400 ಬೆಕರೆಲ್ (ಸೆಕೆಂಡಿಗೆ 400 ಒಡೆತ) ಅಂತ ವಿಶ್ವಸಂಸ್ಥೆಯ ವಿಕಿರಣ ಸಮಿತಿ 2000ದ ವರದಿಯಲ್ಲಿ ಕೊಟ್ಟಿದೆ. 300 ಗ್ರಾಂ ಡಬ್ಬಿಯಲ್ಲಿ 120. ಹತ್ತು ಒಡೆತಕ್ಕೆ ಒಂದರಷ್ಟೇ ಗಾಮಾ. ಅದರಲ್ಲೂ ಡಿಟೆಕ್ಟರಿನ ಶಿಖರಕ್ಕೆ ಸೇರುವುದು ನೂರಕ್ಕೆ ಎರಡೋ ಮೂರೋ. ಹತ್ತು ಗಂಟೆ ಎಣಿಸಿದರೆ 10 ಸಾವಿರದ ಆಸುಪಾಸು. ಎಣಿಕೆಯ ತಪ್ಪು ಅದರ ವರ್ಗಮೂಲ, ಅಂದರೆ 100, ಶೇ. 1. ಚೆನ್ನಾಗಿದೆ ಅನಿಸುತ್ತದೆ. ಆದರೆ ಗುಡ್ಡೆಯ ಮಣ್ಣಿನ ಡಬ್ಬಿ 10,000 ತೋರಿಸಿ ಅದರಲ್ಲಿ 8,000 ಗೋಡೆಯದ್ದೇ ಆಗಿದ್ದರೆ? ಉಳಿಯುವುದು 2,000, ತಪ್ಪು 134. ಶೇ. 7ಕ್ಕೆ ಹೋಯಿತು. ಸೀಸದ ಇಟ್ಟಿಗೆಗೆ ಕೊಡುವ ದುಡ್ಡು ಡಿಟೆಕ್ಟರಿಗೆ ಕೊಡುವ ದುಡ್ಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಅವಳು ಕೊನೆಗೆ ಸೋಡಿಯಂ ಅಯೊಡೈಡನ್ನೇ ಹಿಡಿದಳು. ಅಡಿಕೆ ಒಣಗಿಸುವ ಅಂಗಳದಲ್ಲೇ ಮಣ್ಣು ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿದಳು. ಎರಡು ಸ್ಯಾಂಪಲ್ ಮಾತ್ರ ತಾಳೆ ನೋಡಲು ಜರ್ಮೇನಿಯಂಗೆ ಕಳಿಸುವುದು ಅಂತಾಯಿತು. ಹೋದ ವಾರ ಮತ್ತೆ ಫೋನ್.

"ಮಾವ, ತೋಟದ ಮಣ್ಣಿನಲ್ಲಿ 1,461 ಎದ್ದು ಕಾಣುತ್ತದೆ. ಗುಡ್ಡೆಯದ್ದರಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗಿದೆ."

"ಖಾಲಿ ಡಬ್ಬಿ ಇಟ್ಟು ಒಂದು ರಾತ್ರಿ ಎಣಿಸಿದ್ದೀಯಾ?"

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಅಡಿಕೆ ಸುಲಿಯುವ ಸದ್ದು.

"ಇವತ್ತು ಇಡ್ತೇನೆ ಮಾವ."